ಚಳಿಗೊಂದು ಹರಕೆ

ಏಪ್ರಿಲ್ ಬಿಸಿಲಿಗೆ ಮೈಸೂರಿನ ಟಾಂಗಾ ಕುದುರೆಗಳೇ ಮರದ ನೆರಳು ಬಿಟ್ಟು ಬರಲು ಒಪ್ಪದಿದ್ದಾಗ, ನಮ್ಮ ದೊಡ್ಡಮ್ಮ ಕಂಬಳಿ ಹೊದ್ದು, ಕಿವಿಗೆ ದೊಡ್ಡಪ್ಪನ ಮಫ್ಲರ್ ಬಿಗಿದು, ಉರಿಯುವ ಒಲೆಯ ಮುಂದೆ ಗಡಗಡ ನಡುಗುತ್ತಿದ್ದರು. ಅಂಗೈ ಸುಲಿದ ಮೂಲಂಗಿಯಷ್ಟು ಬಿಳಿ. ಆ ಕೈ ಬೆನ್ನ ಮೇಲೆ ಬಿದ್ದರೆ ಐಸ್ ಕ್ಯಾಂಡಿಯ ಕಾಸು ಉಳಿಯಿತು ಎಂದು ನಾನು ಸ್ಕೂಲಿನಲ್ಲಿ ಕೊಚ್ಚಿಕೊಳ್ಳುತ್ತಿದ್ದೆ.

ಚಳಿಯ ಜೊತೆಗೆ ತಲೆಸುತ್ತು. ಬಗ್ಗಿ ಎದ್ದರೆ ಗೋಡೆ ಹಿಡಿಯುವರು. "ಭೂಮಿ ತಿರುಗ್ತದೆ ಅಂತ ನಿಮ್ ಮೇಷ್ಟ್ರು ಹೇಳ್ಕೊಟ್ಟವ್ರಲ್ಲ, ನಂಗೆ ಕಣ್ಣಿಗೇ ಕಾಣ್ತದೆ ಕಣೋ" ಎಂದು ನಗುವರು.

ಕಾರಣ ಹೇಳಲು ಮನೆತುಂಬ ವೈದ್ಯರು. ದೊಡ್ಡಪ್ಪ ಮಲೇರಿಯಾ ಎಂದರು, ಅಮ್ಮ ಪಿತ್ತ ಎಂದಳು, ಬೀದಿ ಕೊನೆಯ ಅಜ್ಜಿ ದೃಷ್ಟಿ ಎಂದರು. ದೃಷ್ಟಿ ತೆಗೆದ ಮೆಣಸಿನಕಾಯಿ ಘಾಟಿಗೆ ಓಡಿಹೋದ ಎದುರು ಮನೆಯ ನಾಯಿ ಇನ್ನೂ ವಾಪಸ್ಸು ಬಂದಿಲ್ಲ. ದೊಡ್ಡಮ್ಮನ ಪ್ರಕಾರ ಯಾವುದೋ ದೇವರಿಗೆ ಸಿಟ್ಟು ಬಂದಿತ್ತು. ಅದಕ್ಕೆ ಚಳಿ ಬಂದಾಗಲೆಲ್ಲ ಹೊಸದೊಂದು ಹರಕೆ, ಹರಕೆಗೊಂದು ಉಪವಾಸ. ಸೋಮವಾರ ನಂಜುಂಡನಿಗೆ, ಮಂಗಳವಾರ ಬೆಟ್ಟದ ತಾಯಿಗೆ, ಶನಿವಾರ ತಿಮ್ಮಪ್ಪನಿಗೆ. ಉಳಿದ ದಿನ ಎಲ್ಲರಿಗೂ ಬಡಿಸಿ, ತಳ ಕಂಡ ಪಾತ್ರೆ ತೊಳೆದು, ಕಾಫಿ ಕುಡಿದು ಮಲಗುವರು.

"ಹಿಂಗೇ ದೇವ್ರು ಬರ್ತಾ ಇದ್ರೆ ವಾರಕ್ಕೆ ಎಂಟನೇ ದಿನ ತರಿಸ್ಬೇಕಾಯ್ತದೆ, ದೊಡ್ಡಮ್ಮ" ಎಂದೆ. ನಕ್ಕು ನಕ್ಕು ತಲೆ ತಿರುಗಿ ಕೂತುಬಿಟ್ಟರು.

ಪಕ್ಕದ ಮನೆಯಲ್ಲಿ, ಚರ್ಚಿಗೆ ಹೋಗುವವರ ಪೈಕಿ, ಒಬ್ಬರು ನರ್ಸಮ್ಮ ಇದ್ದರು. ಶ್ರಾವಣದಲ್ಲಿ ಒಂದು ದಿನ ದೊಡ್ಡಮ್ಮನ ಕೆಳರೆಪ್ಪೆ ಎಳೆದು ನೋಡಿ ಬೆಚ್ಚಿದರು.

"ಏನಕ್ಕಾ ಇದು, ಒಳಗೆ ಸುಣ್ಣ ಬಳ್ದಂಗದೆ! ರಕ್ತಾನೇ ಇಲ್ಲ ನಿಮಗೆ. ಅದಕ್ಕೇ ಈ ಚಳಿ, ಈ ತಲೆಸುತ್ತು."

ತಾವೇ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರೂ ಅದನ್ನೇ ಹೇಳಿ, ಟಾನಿಕ್ ಬರೆದು, ಹೊಟ್ಟೆ ತುಂಬ ಉಣ್ಣದಿದ್ದರೆ ಉಳಿಯುವುದು ಕಷ್ಟ ಎಂದರು.

"ಉಪವಾಸ ಬುಟ್ಬುಡಿ ಅಕ್ಕಾ" ಎಂದು ನರ್ಸಮ್ಮ ಮನೆಗೆ ಬಂದ ಮೇಲೆ ಕೈ ಹಿಡಿದುಕೊಂಡರು.

"ಶ್ರಾವಣ ಮುಗೀಲಿ ಕಣಮ್ಮ. ಹಿಡಿದ ಶನಿವಾರ ಮಧ್ಯದಲ್ಲಿ ಬುಟ್ರೆ ಇವ್ರಿಗೆ ತಟ್ತದೆ" ಎಂದು ದೊಡ್ಡಮ್ಮ ಗಂಡನ ಕಡೆ ನೋಡಿದರು.

ದೊಡ್ಡಪ್ಪ ಪೇಪರಿನಿಂದ ತಲೆಯೆತ್ತದೆ, "ಇಷ್ಟು ದಿವ್ಸ ಮಾಡವ್ಳೆ, ಇನ್ನೇನು ಮುಗೀತು" ಎಂದರು.

ಶ್ರಾವಣದ ಕೊನೆಯ ಶನಿವಾರ, ತುಳಸಿಗೆ ನೀರು ಹಾಕಲು ಬಗ್ಗಿದ ದೊಡ್ಡಮ್ಮ ಮತ್ತೆ ಏಳಲಿಲ್ಲ.

ತಿಥಿಯ ದಿನ, ಹೋದವರಿಗೆ ಇಷ್ಟವಾದುದನ್ನೆಲ್ಲ ಮಾಡಿ ಎಲೆಯ ಮೇಲೆ ಎಡೆ ಇಡುವುದು ನಮ್ಮ ಪದ್ಧತಿ. ಒಲೆ ಹಚ್ಚಿದ ಅಮ್ಮ ಕೇಳಿದಳು: "ಭಾವ, ಅಕ್ಕಂಗೆ ಏನಿಷ್ಟ?"

ದೊಡ್ಡಪ್ಪ ಅಡಿಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಇಲ್ಲದ್ದನ್ನು ಹುಟ್ಟಿಸಿ ಹೇಳುವುದರಲ್ಲಿ ಬೀದಿಗೇ ಮೊದಲಿಗನಾದ ನನಗೂ ಏನೂ ಹೊಳೆಯಲಿಲ್ಲ. ದೊಡ್ಡಮ್ಮ ಕೂತು ಉಂಡದ್ದನ್ನು ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ.

ಕೊನೆಗೆ ದೊಡ್ಡಪ್ಪನಿಗೆ ಇಷ್ಟವಾದ ಕಜ್ಜಾಯ, ನನಗೆ ಇಷ್ಟವಾದ ವಡೆ ಮಾಡಿ, ಅವರ ಹೆಸರಿನಲ್ಲಿ ಎಡೆ ಇಟ್ಟೆವು.