ನೀಲಿ ರಾಜ್ಯಕ್ಕೆ ಇಬ್ಬರು ದೊರೆಗಳು

ದವಡೆ ಮೇಸ್ತ್ರಿಯ ರಾಜ್ಯ ಮಧ್ಯಾಹ್ನ ಎರಡು ಗಂಟೆಗೆ ತೆರೆಯುತ್ತಿತ್ತು, ಮೂರಕ್ಕೆ ಮುಚ್ಚುತ್ತಿತ್ತು. ಉಳಿದ ಇಪ್ಪತ್ಮೂರು ಗಂಟೆ ಅವನೂ ನಮ್ಮ ನಿಮ್ಮ ಹಾಗೆ ಬರೀ ಪ್ರಜೆ.

ಊರಿನ ಅರ್ಧಕ್ಕರ್ಧ ಮುದುಕರು ನಗುತ್ತಿದ್ದದ್ದು ಅವನ ಕೃಪೆಯಿಂದ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುವರು. ಇವನು ಹಿಂದಿನ ಕೋಣೆಯಲ್ಲಿ ಕೂತು ಅದಕ್ಕೆ ಪ್ಲಾಸ್ಟರ್ ಎರೆದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲನ್ನು ಕಮಾನಿನಂತೆ ನೆಟ್ಟು, ಉಜ್ಜಿ ಮಿರುಗಿಸಿ ವಾಪಸು ಕಳಿಸುವನು. ಮನೆ ಕಟ್ಟುವವನು ಮನೆ ಮೇಸ್ತ್ರಿಯಾದರೆ ದವಡೆ ಕಟ್ಟುವವನು ದವಡೆ ಮೇಸ್ತ್ರಿ. ಹೆಸರಿಟ್ಟವರು ಯಾರೋ, ಅದು ಅಂಟಿಕೊಂಡದ್ದಂತೂ ಅವನೇ ಬಳಸುವ ಅಂಟಿಗಿಂತ ಗಟ್ಟಿಯಾಗಿ.

ಊಟವಾದ ಮೇಲೆ ಬಾಗಿಲಿಗೆ ಚಿಲಕ ಹಾಕಿ ಹಳೆಯ ಕಂಪ್ಯೂಟರಿನ ಮುಂದೆ ಕೂತರೆ ರಾಜ್ಯ ತೆರೆದ ಹಾಗೆ. ಇಪ್ಪತ್ತು ವರ್ಷದಿಂದ ಅದೇ ಆಟ. ನಡುವೆ ಒಂದು ದೊಡ್ಡ ಮನೆ, ಸುತ್ತ ಮೂರು ಆಳು, ನಾಲ್ಕು ಕುರಿ. ಅಲ್ಲಿಂದ ಮರ ಕಡಿದು, ಹೊಲ ಉತ್ತು, ಕೋಟೆ ಕಟ್ಟಿ, ದಂಡು ಕೂಡಿಸಿ ಶತ್ರುವನ್ನು ಮಣ್ಣುಮುಕ್ಕಿಸಬೇಕು. ಶತ್ರು ಕಂಪ್ಯೂಟರೇ. ಅದರ ಬುದ್ಧಿಯನ್ನು ಮೇಸ್ತ್ರಿ ‘ಅತಿ ಸುಲಭ’ ಎನ್ನುವಲ್ಲಿಗೆ ಇಳಿಸಿ ಇಟ್ಟಿದ್ದ. ಹಾಗಾಗಿ ಆ ಬಡಪಾಯಿ, ಇವನ ಕೋಟೆಯ ಕೊನೆಯ ಕಲ್ಲು ಕೂರುವ ತನಕ ದೂರದಲ್ಲಿ ಕೈಕಟ್ಟಿ ಕಾಯುತ್ತಿತ್ತು. ಇಪ್ಪತ್ತು ವರ್ಷ ಸೋಲನ್ನೇ ಕಾಣದ ಚಕ್ರವರ್ತಿ ಇನ್ನೊಬ್ಬನಿಲ್ಲ. ಹಾಗೆ ನೋಡಿದರೆ ಅಷ್ಟು ಸಭ್ಯ ಶತ್ರುವೂ ಇನ್ನೊಬ್ಬನಿಲ್ಲ.

ನಿಜ ಹೇಳಬೇಕೆಂದರೆ ಮೇಸ್ತ್ರಿಗೆ ಯುದ್ಧದ ಹುಚ್ಚಿರಲಿಲ್ಲ. ಬೆಳಕಿಂಡಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಪ್ಲಾಸ್ಟರಿನ ಬಿಳಿ ಧೂಳು ತೇಲುತ್ತಿರುತ್ತಿತ್ತು. ಪರದೆಯೊಳಗೆ ಉಗುರಿನಷ್ಟು ಜನ ಉಗುರಿನಷ್ಟು ಪೈರು ಕೊಯ್ಯುತ್ತಿದ್ದರು. ಧೂಳು ಎಲ್ಲಿ ಮುಗಿದು ಹೊಲ ಎಲ್ಲಿ ಶುರುವಾಯಿತು ಎಂಬುದು ಅರೆಮುಚ್ಚಿದ ಅವನ ಕಣ್ಣಿಗೆ ತಿಳಿಯುತ್ತಲೇ ಇರಲಿಲ್ಲ. ದಂಡೆತ್ತಿ ಹೋಗುವುದನ್ನು ಮರೆತು, ಮೂರು ಹೊಡೆದಾಗ ಎಚ್ಚೆತ್ತು, ಯಾರದೋ ಕೆಳದವಡೆಯನ್ನು ಕೈಗೆತ್ತಿಕೊಳ್ಳುವನು.

ಇಂಥ ಶಾಂತಮೂರ್ತಿಗೂ ಆರು ವರ್ಷದಿಂದ ಒಬ್ಬ ಅಸಲಿ ಶತ್ರುವಿದ್ದ, ಅವನ ಷಡ್ಡಕ. ಹೆಂಡತಿಯ ಅಕ್ಕನ ಗಂಡ, ವೃತ್ತಿಯಿಂದ ಸರ್ವೇಯರ್, ಜಮೀನು ಅಳೆಯುವವನು. ಮಾವನವರಿಗೆ ಮೇಸ್ತ್ರಿ ತಿಂಗಳುಗಟ್ಟಲೆ ಕೂತು ಮಾಡಿದ ಹಲ್ಲಿನ ಸೆಟ್ಟನ್ನು ಈ ಸರ್ವೇಯರ್ ಒಮ್ಮೆ ಮನೆಮಂದಿಯೆಲ್ಲ ಕೂತಿದ್ದಾಗ ನೋಡಿ, ಮಾವನವರು ಮಾತಾಡಿದರೆ ಕುದುರೆ ಕೆನೆದ ಹಾಗಿದೆ ಎಂದುಬಿಟ್ಟ. ಮೇಸ್ತ್ರಿ ಸುಮ್ಮನಿರದೆ, ಊರೆಲ್ಲ ಅಳೆಯುವವರ ಮನೆಯ ಕಾಂಪೌಂಡು ಗೋಡೆ ಮಾತ್ರ ಹಾವಿನ ಹಾಗೆ ಹರಿದಿದೆಯಲ್ಲ ಎಂದ. ಅಷ್ಟೇ. ಅಂದಿನಿಂದ ಎರಡು ಮನೆಗಳ ನಡುವೆ ಕಾಲ್ದಾರಿಗೆ ಹುಲ್ಲು ಬೆಳೆಯಿತು. ಅಕ್ಕತಂಗಿಯರು ಬಸ್ ನಿಲ್ದಾಣದ ಬೆಂಚಿನ ಮೇಲೆ, ಆಸ್ಪತ್ರೆಯ ವರಾಂಡದಲ್ಲಿ, ಕದ್ದು ಭೇಟಿಯಾಗುವ ಪ್ರೇಮಿಗಳಂತೆ ಕೂತು ಮಾತಾಡುತ್ತಿದ್ದರು.

ಈಗ ಸರ್ವೇಯರನಿಗೆ ದೂರದ ಊರಿಗೆ ವರ್ಗವಾಗಿತ್ತು. ಮುಂದಿನ ವಾರ ಲಾರಿ ಬರಲಿತ್ತು. ಅವರು ಹೋಗುವ ಮುಂಚೆ ಒಂದು ಸಲ ಅಕ್ಕನ ಅಡುಗೆಮನೆಯಲ್ಲಿ, ಗಡಿಯಾರ ನೋಡದೆ, ಕಾಲು ಚಾಚಿ ಕೂರಬೇಕು. ಮೇಸ್ತ್ರಿಯ ಹೆಂಡತಿಗೆ ಬೇಕಿದ್ದದ್ದು ಇಷ್ಟೇ. ನೀನು ಹೋಗಿ ಬಾ, ಬೇಡ ಅಂದೋರು ಯಾರು ಎಂದು ಮೇಸ್ತ್ರಿ ಹತ್ತು ಸಲ ಹೇಳಿದ್ದ. ಗಂಡ ತುಳಿಯದ ಹೊಸ್ತಿಲನ್ನು ತಾನೊಬ್ಬಳೇ ದಾಟುವುದಿಲ್ಲ ಎಂದು ಅವಳೂ ಹನ್ನೊಂದು ಸಲ ಹೇಳಿದ್ದಳು.

ಅಕ್ಕನ ಗಂಡನೂ ಅದೇ ಹಳೆಯ ಆಟದ ಹುಚ್ಚ ಎಂಬ ಗುಟ್ಟು ಬಸ್ ನಿಲ್ದಾಣದ ಬೆಂಚಿನ ಮೇಲೆ ಹೊರಬಿತ್ತು. ಅಕ್ಕತಂಗಿಯರು ಕರಾರು ಬರೆದರು. ಭಾನುವಾರ ಮಧ್ಯಾಹ್ನ ಇಬ್ಬರೂ ಅವರವರ ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ಕಾದಾಡುವುದು. ಸೋತವನು ಆ ದಿನವೇ ಗೆದ್ದವನ ಮನೆಗೆ ಹೆಂಡತಿ ಸಮೇತ ಹೋಗಿ ಉಣ್ಣುವುದು. ಹಲ್ಲಿನ ಮಾತು, ಗೋಡೆಯ ಮಾತು ಯಾರೂ ಎತ್ತಕೂಡದು. ಗಂಡಸರಿಬ್ಬರೂ ಕಣ್ಣುಮುಚ್ಚಿ ಒಪ್ಪಿದರು. ಗೆಲ್ಲುವವನು ತಾನೇ ಎಂದು ಗೊತ್ತಿದ್ದರೆ ಯಾವ ಕರಾರು ತಾನೇ ಭಾರ?

ಆದರೆ ಚಕ್ರವರ್ತಿಗೆ ತನ್ನ ರಾಜ್ಯದಿಂದ ಹೊರಗೆ ಹೋಗುವ ದಾರಿಯೇ ಗೊತ್ತಿರಲಿಲ್ಲ. ಅವನ ಹಳೆಯ ಡಿಸ್ಕಿಗೆ ಇಂಟರ್ನೆಟ್ಟಿನ ಗಂಧವಿರಲಿಲ್ಲ. ಅದೇ ಆಟದ ಹೊಸ ಆವೃತ್ತಿಯನ್ನು ಇಳಿಸಿಕೊಳ್ಳಬೇಕಿತ್ತು, ಖಾತೆ ತೆರೆಯಬೇಕಿತ್ತು. ಹೆಂಡತಿ ಬಸ್ಸಿನ ರಿಸರ್ವೇಶನ್ ಕೌಂಟರಿನಲ್ಲಿ ಕೂರುವವಳು. ಫಾರಂ, ಪಾಸ್‌ವರ್ಡು ಎಲ್ಲ ಅವಳಿಗೆ ಲೀಲಾಜಾಲ. ಹೆಸರೇನು ಹಾಕಲಿ ಎಂದು ಕೇಳಿದಳು. ಮೇಸ್ತ್ರಿ ನಾಚಿಕೊಂಡು ‘ಚಕ್ರವರ್ತಿ’ ಎಂದ. ಆ ಹೆಸರು ಈಗಾಗಲೇ ಇದೆ, ಬೇಕಾದರೆ ‘ಚಕ್ರವರ್ತಿ 4471’ ತಗೊಳ್ಳಿ ಎಂದಿತು ಯಂತ್ರ. ತನಗಿಂತ ಮುಂಚೆ ನಾಲ್ಕು ಸಾವಿರದ ನಾನೂರ ಎಪ್ಪತ್ತು ಚಕ್ರವರ್ತಿಗಳು ಪಟ್ಟಕ್ಕೇರಿ ಕೂತಿದ್ದಾರೆಂದು ತಿಳಿದು ಅವನು ಸಾಲಿನ ಕೊನೆಯಲ್ಲಿ ನಿಂತವನಂತೆ ತಲೆಯಾಡಿಸಿ ಒಪ್ಪಿಕೊಂಡ.

ಶನಿವಾರ ಅಭ್ಯಾಸಕ್ಕೆಂದು ಯಾರೋ ಅಪರಿಚಿತನೊಡನೆ ಆಡಿದ. ಮೊದಲ ಹೊಲವನ್ನು ಎಲ್ಲಿ ಹಾಕಿದರೆ ನೋಟ ಚೆಂದ ಎಂದು ಯೋಚಿಸುತ್ತಿರುವಾಗಲೇ ಎಂಟು ಕುದುರೆ ಸವಾರರು ನುಗ್ಗಿ ಆಳುಗಳನ್ನೆಲ್ಲ ಒರಸಿಹಾಕಿದರು. ಹನ್ನೊಂದು ನಿಮಿಷಕ್ಕೆ ಇಪ್ಪತ್ತು ವರ್ಷದ ಸಾಮ್ರಾಜ್ಯ ಬೂದಿ. ಮೇಸ್ತ್ರಿಗೆ ಕೋಪ ಬರಲಿಲ್ಲ, ಬೇಸರವಾಯಿತು. ಕೋಟೆ ಮುಗಿಯುವ ತನಕ ಕಾಯುವ ಸೌಜನ್ಯವೂ ಜನಕ್ಕಿಲ್ಲವಲ್ಲ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡ.

ಭಾನುವಾರ ಬಂತು. ಸರ್ವೇಯರ್ ಮೊದಲೇ ಬಂದು ಆಟದ ಕೋಣೆ ತೆರೆದು ಕೂತಿದ್ದ. ಪರದೆಯ ಮೇಲೆ ಅವನ ಹೆಸರಿನ ಮುಂದೆ ನೀಲಿ ಬಾವುಟ. ಮೇಸ್ತ್ರಿ ಒಳಗೆ ಬಂದೊಡನೆ ಯಂತ್ರ ಅವನಿಗೆ ಹಸಿರು ಕೊಟ್ಟಿತು. ಮೇಸ್ತ್ರಿ ಅದನ್ನು ಒತ್ತಿ ಒತ್ತಿ ನೀಲಿಗೆ ತಂದ. ಇಪ್ಪತ್ತು ವರ್ಷ ನೀಲಿಯ ಹೊರತು ಬೇರೆ ಬಾವುಟ ಹಿಡಿದವನಲ್ಲ ಅವನು. ಬೇಕಾದರೆ ಅತ್ತಲಿನವನು ಬದಲಾಯಿಸಿಕೊಳ್ಳಲಿ. ಅತ್ತಲಿನವನೂ ಇಪ್ಪತ್ತು ವರ್ಷ ನೀಲಿಯೇ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹೀಗೆ ಒಂದು ಬಣ್ಣಕ್ಕೆ ಎರಡು ಮೀಸೆ ತಿರುವಿಕೊಂಡು ಕೂತಿರುವಾಗ ಹೆಂಡತಿ ಬಗ್ಗಿ, ಇನ್ನೊಂದು ಜಾಗ ಖಾಲಿ ಇದೆ ನೋಡಿ ಎಂದು ಅದರಲ್ಲಿ ಕೆಂಪು ಬಾವುಟದ ಕಂಪ್ಯೂಟರನ್ನು ಕೂರಿಸಿದಳು. ಖಾಲಿ ಸೀಟು ಬಿಟ್ಟು ಬಸ್ಸು ಹೊರಡಿಸುವುದು ಅವಳ ಜಾಯಮಾನಕ್ಕೆ ಒಗ್ಗದ್ದು. ಆಮೇಲೆ ಪರದೆಯನ್ನೇ ದಿಟ್ಟಿಸಿ ಏನೋ ಹೇಳಲು ಬಾಯಿ ತೆರೆದವಳು, ಮುಚ್ಚಿಕೊಂಡಳು. ಇಬ್ಬರು ದೊರೆಗಳೂ ‘ಸಿದ್ಧ’ ಒತ್ತಿದರು.

ಕತ್ತಲ ನಡುವೆ ನೀಲಿ ಮಾಡಿನ ಮನೆಯೊಂದು ಮೂಡಿತು. ಸುತ್ತ ಮೂರು ಆಳು, ನಾಲ್ಕು ಕುರಿ. ಮೇಸ್ತ್ರಿ ಒಬ್ಬ ಆಳನ್ನು ಮರದ ಕಡೆ ಕಳಿಸಿದ. ಆಳು ನಾಲ್ಕು ಹೆಜ್ಜೆ ಹೋಗಿ, ಏನನ್ನೋ ನೆನಪಿಸಿಕೊಂಡವನಂತೆ ನಿಂತು, ಹಣ್ಣಿನ ಪೊದೆಯ ಕಡೆ ತಿರುಗಿದ. ಮೇಸ್ತ್ರಿ ಮತ್ತೆ ಕರೆದ, ಆಳು ಮತ್ತೆ ಪೊದೆಗೇ ಹೋದ. ಕುರಿಗಳು ತಮ್ಮಷ್ಟಕ್ಕೆ ತಾವೇ ಮನೆಗೆ ಬಂದವು. ಹೇಳದೆಯೇ ಕಣಜವೊಂದು ಎದ್ದಿತು. ಹೊಲ ಬೇಕು ಎಂದು ಅಂದುಕೊಳ್ಳುವಷ್ಟರಲ್ಲಿ ಹೊಲ ಹಾಸಿತ್ತು. ಮೇಸ್ತ್ರಿ ಮೌಸಿನಿಂದ ಕೈ ತೆಗೆದ, ಆಳುಗಳು ನಿಲ್ಲಲಿಲ್ಲ. ಇಷ್ಟು ವರ್ಷ ಅವನು ಈ ರಾಜ್ಯದ ಕನಸು ಕಂಡಿದ್ದ. ಈಗ ರಾಜ್ಯವೇ ಅವನ ಕನಸು ಕಾಣುತ್ತಿರುವಂತಿತ್ತು. ಮತ್ತೆ ಮೌಸು ಹಿಡಿದು ಒಂದು ಮನೆ ಕಟ್ಟಿಸಿದ, ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕ ಮತ್ತೊಂದು, ಅಭ್ಯಾಸಬಲದಿಂದ ಕಮಾನಿನ ಆಕಾರದಲ್ಲಿ.

ಆಗ ಗೋಡೆ ಬೆಳೆಯತೊಡಗಿತು. ಕಾಡಿನ ಅಂಚಿನಿಂದ ಕೆರೆಯ ಅಂಚಿಗೆ, ದಾರ ಹಿಡಿದು ಎಳೆದ ಹಾಗೆ. ಹೊಲಗಳೆಲ್ಲ ಅಚ್ಚುಕಟ್ಟು ಚೌಕ, ನಡುವೆ ಸಮನಾದ ಓಣಿ. ಇಷ್ಟು ನೆಟ್ಟಗಿನ ಗೆರೆಯನ್ನು ದೇವರೂ ಎಳೆದವನಲ್ಲ. ಎಳೆಯುವವನು ಊರಿಗೆಲ್ಲ ಒಬ್ಬನೇ. ಮೇಸ್ತ್ರಿ ಕುರ್ಚಿಯಲ್ಲಿ ಹಿಂದೆ ತಿರುಗಿದ.

“ಒಂದೇ ಸೀಟಿಗೆ ಇಬ್ಬರ ಹೆಸರು ಬಿದ್ದಿತ್ತು ಕಣ್ರೀ,” ಎಂದಳು ಹೆಂಡತಿ ನಿಧಾನವಾಗಿ. “ಒಂದೇ ಬಣ್ಣ ಹಿಡಿದ್ರೆ ಇಬ್ಬರಿಗೂ ಸೇರಿ ಒಂದೇ ರಾಜ್ಯ ಅಂತ ಆಗಲೇ ಕಾಣಿಸ್ತು. ಹೇಳೋಣ ಅಂದ್ಕೊಂಡೆ. ಇರಲಿ ಬಿಡು ಅನ್ನಿಸ್ತು.”

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಅಕ್ಷರಗಳು ಮೂಡಿದವು. ಆರು ವರ್ಷದಲ್ಲಿ ಷಡ್ಡಕ ಆಡಿದ ಮೊದಲ ಮಾತು: “ಮನೆಗಳನ್ನ ದವಡೆ ಥರ ಕಟ್ಟಿರೋದು ನೀನೇ ತಾನೇ?”

ಮೇಸ್ತ್ರಿ ಒಂದು ಬೆರಳಿನಿಂದ ಟೈಪು ಮಾಡಿದ: “ಹೂಂ ಅಣ್ಣ. ಗೋಡೆ ನಿಮ್ಮದು ಅಂತ ಗೊತ್ತಾಯ್ತು.”

ನೆಟ್ಟಗಿದೆ ಎಂದು ಸೇರಿಸಬೇಕೆಂದುಕೊಂಡ. ಗೋಡೆಯ ಮಾತು ಎತ್ತಕೂಡದೆಂಬ ಕರಾರು ತಡವಾಗಿ ನೆನಪಾಗಿ ಅಷ್ಟಕ್ಕೇ ಸುಮ್ಮನಾದ. ಸುಮ್ಮನಾಗಲು ಪುರುಸೊತ್ತೂ ಇರಲಿಲ್ಲ, ಕೆಂಪು ದಂಡು ಬಂದೇಬಿಟ್ಟಿತು. ಖಾಲಿ ಸೀಟು ಕಂಡ ಸಂಭ್ರಮದಲ್ಲಿ ಹೆಂಡತಿ ಅದರ ಬುದ್ಧಿಯನ್ನು ‘ಅತಿ ಸುಲಭ’ಕ್ಕೆ ಇಳಿಸುವುದನ್ನು ಮರೆತಿದ್ದಳು.

ಮುಂದಿನ ಒಂದೂವರೆ ಗಂಟೆಯ ಮಹಾಯುದ್ಧವನ್ನು ಹಾಡಿ ಹೊಗಳಲು ಸಾವಿರ ನಾಲಗೆ ಬೇಕು. ಇರುವುದೊಂದರಲ್ಲಿ ಹೇಳುವುದಾದರೆ, ಅಣ್ಣ ಗೋಡೆ ಎಳೆದಲ್ಲಿ ತಮ್ಮ ಗೋಪುರ ನೆಟ್ಟ. ತಮ್ಮ ಕರೆದ ಬಿಲ್ಲಾಳನ್ನು ಅಣ್ಣ ಹಿಂದಕ್ಕೆಳೆದ. ನಡುವೆ ಸಿಕ್ಕ ಬಡ ಸೈನಿಕರು ಇತ್ತ ನಾಲ್ಕು ಹೆಜ್ಜೆ, ಅತ್ತ ನಾಲ್ಕು ಹೆಜ್ಜೆ ನಡೆದು ಶತ್ರುವನ್ನೇ ದಿಗ್ಭ್ರಮೆಗೊಳಿಸಿದರು. ಸ್ವಲ್ಪ ಹೊತ್ತಿಗೆ ಎಳೆದಾಟ ತಾನಾಗಿ ನಿಂತಿತು. ಇವನು ಹೊಲದ ಕಡೆ ನೋಡಿದರೆ ಅವನು ದಂಡಿನ ಕಡೆ ನೋಡುತ್ತಿದ್ದ. ಊರಾಚೆಯ ಇನ್ನೊಂದು ಕೋಣೆಯಲ್ಲಿ, ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ಕೂತ ಇನ್ನೊಂದು ಕೈ ತನ್ನ ಕೈಯೊಳಗೇ ಇದ್ದಂತೆ ಮೇಸ್ತ್ರಿಗೆ ಭಾಸವಾಗುತ್ತಿತ್ತು. ಪೈರು ಬೆಳೆಯಿತು, ಕವಣೆಯಂತ್ರಗಳು ಉರುಳಿದವು, ಕೆಂಪು ನಗರ ಸದ್ದಿಲ್ಲದೆ ಹೊಗೆಯಾಗಿ ಮೇಲೇರಿತು. ಕೊನೆಗೆ ಉಳಿದದ್ದು ಒಂದೇ ಒಂದು ಕೆಂಪು ಮನೆ.

ಕವಣೆಗೆ ಗುರಿ ತೋರಿಸಲು ಹೋದ ಮೇಸ್ತ್ರಿಗೆ ಹೆಂಡತಿಯ ಕೈ ಕಾಣಿಸಿತು. ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದಿದ್ದಳು. ಮುಖದಲ್ಲಿ ಗೆಲುವಿನ ಸುಳಿವಿಲ್ಲ. ಆಗ ಅವನಿಗೆ ಹೊಳೆಯಿತು. ಈ ಮನೆ ಬಿದ್ದರೆ ಇಬ್ಬರೂ ಗೆದ್ದ ಹಾಗೆ. ಇಬ್ಬರೂ ಗೆದ್ದರೆ ಸೋತವನಿಲ್ಲ. ಸೋತವನಿಲ್ಲದಿದ್ದರೆ ಯಾರೂ ಯಾರ ಮನೆಗೂ ಹೋಗಬೇಕಾಗಿಲ್ಲ. ಲಾರಿ ಬರುತ್ತದೆ, ಪೆಟ್ಟಿಗೆಗಳು ಏರುತ್ತವೆ, ಬೆಂಚಿನ ಮೇಲೆ ಅವಳೊಬ್ಬಳೇ ಕೂರುತ್ತಾಳೆ.

ಷಡ್ಡಕನನ್ನು ಕೇಳಿ ಪ್ರಯೋಜನವಿರಲಿಲ್ಲ. ತಾನಾಗಿ ಸೋಲುವ ಜಾತಿಯಲ್ಲ ಅದು. ಹಾಗೆ ನೋಡಿದರೆ ಮೇಸ್ತ್ರಿಯೂ ಆ ಜಾತಿಯಲ್ಲ. ಮೂಲೆಯಲ್ಲಿ ಅವನು ಇಪ್ಪತ್ತು ವರ್ಷ ಮುಟ್ಟದ ಗುಂಡಿಯೊಂದಿತ್ತು, ‘ಶರಣಾಗತಿ’. ಕಟ್ಟಿದ ಊರನ್ನು, ನೆಟ್ಟಗಿನ ಗೋಡೆಯನ್ನು, ತಮ್ಮಷ್ಟಕ್ಕೆ ಪೈರು ಕೊಯ್ಯುತ್ತಿದ್ದ ಪುಟ್ಟ ಜನರನ್ನು ಒಮ್ಮೆ ಕಣ್ತುಂಬ ನೋಡಿದ. ಒತ್ತಿದ. ಒಂದೇ ರಾಜ್ಯವಾದ್ದರಿಂದ ಎರಡೂ ಮನೆಗಳ ಪರದೆ ಒಟ್ಟಿಗೆ ಮಸುಕಾಯಿತು.

ಅರ್ಧ ನಿಮಿಷಕ್ಕೆ ಫೋನು ಬಡಿದುಕೊಂಡಿತು.

“ಯಾರು ಒತ್ತಿದ್ದು?”

“ನಾನೇ ಅಣ್ಣ.”

“ತಲೆ ನೆಟ್ಟಗಿದೆಯೇನೋ ನಿಂಗೆ? ಒಂದೇ ಮನೆ ಬಾಕಿ ಇತ್ತು. ನನ್ನ ಜೀವಮಾನದಲ್ಲಿ ಸೋತೋನಲ್ಲ ನಾನು.”

“ನಾನೂ ನಿನ್ನೆ ತನಕ ಸೋತೋನಲ್ಲ. ಇವತ್ತು ಇಬ್ಬರೂ ಸೋತ್ವಿ. ಕರಾರಿನ ಪ್ರಕಾರ ಇವತ್ತು ನಾವು ಅಲ್ಲಿಗೆ ಬರಬೇಕು, ನಾಳೆ ನೀವು ಇಲ್ಲಿಗೆ ಬರಬೇಕು.”

ಅತ್ತ ಕಡೆ ಯಾರೋ ಪೆಟ್ಟಿಗೆಗೆ ಟೇಪು ಎಳೆಯುತ್ತಿದ್ದ ಶಬ್ದ ಕೇಳಿಸುತ್ತಿತ್ತು. ಅದು ನಡುವೆ ನಿಂತಿತು.

“ಕುರ್ಚಿ ಎಲ್ಲ ಕಟ್ಟಿಬಿಟ್ಟಿದೀವಿ,” ಎಂದ ಸರ್ವೇಯರ್ ಕೊನೆಗೆ.

“ನೆಲದ ಮೇಲೆ ಕೂತ್ಕೋತೀನಿ.”

“ಬಾ ಹಾಗಾದ್ರೆ. ಬಂದು ಬೈಸ್ಕೊ. ಫೋನಲ್ಲಿ ಬೈದು ಮುಗಿಯೋ ತಪ್ಪಲ್ಲ ಇದು.”

ಮೇಸ್ತ್ರಿ ಅಂಗಿ ಹುಡುಕುವಷ್ಟರಲ್ಲಿ ಹೆಂಡತಿ ಚಪ್ಪಲಿ ಮೆಟ್ಟಿ ಬೀದಿಯಲ್ಲಿದ್ದಳು. ಇಳಿಬಿಸಿಲಿನಲ್ಲಿ ಊರು ಪರದೆಯೊಳಗಿನ ಊರಿನಂತೆಯೇ ಚಿಕ್ಕದಾಗಿ, ಹೊಂಬಣ್ಣವಾಗಿ ಕಾಣುತ್ತಿತ್ತು. ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು. ತಂಗಿ ಯಾರನ್ನೂ ಕೇಳದೆ ನೇರವಾಗಿ ಅಡುಗೆಮನೆಗೆ ನಡೆದಳು. ಒಳಗಿಂದ ಮೊದಲು ಪಾತ್ರೆಯ ಸದ್ದು, ಆಮೇಲೆ ಪಿಸುಮಾತು, ಆಮೇಲೆ ಇಬ್ಬರೂ ಒಟ್ಟಿಗೆ ನಕ್ಕದ್ದು ಕೇಳಿಸಿತು.

ಹೊರಗೆ ಹಜಾರದಲ್ಲಿ, ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಕೂತು, ಸರ್ವೇಯರ್ ಷಡ್ಡಕ ಬೈಗುಳವನ್ನು ಕ್ರಮಬದ್ಧವಾಗಿ, ಮೊದಲ ನಿಮಿಷದ ಮೊದಲ ಕುರಿಯಿಂದಲೇ ಶುರು ಮಾಡಿದ್ದ. ಮೇಸ್ತ್ರಿ ಗೋಡೆಗೊರಗಿ, ಕಾಲು ನೀಡಿ, ಹೂಂಗುಡುತ್ತ ಕೇಳುತ್ತಿದ್ದ. ದೀಪ ಹಚ್ಚುವ ಹೊತ್ತಾದರೂ ಬೈಗುಳ ಇನ್ನೂ ಮೂರನೆಯ ಕುರಿಯನ್ನು ದಾಟಿರಲಿಲ್ಲ.