ಕಪ್ಪೆ ರಾಜ್ಯ ಆಡಿದವರು ಯಾರು

ಸೋತ ಗಂಡಸು ತನ್ನ ಸೋಲಿನ ಕಥೆ ಹೇಳುವುದನ್ನು ಒಮ್ಮೆಯಾದರೂ ಕೂತು ಕೇಳಬೇಕು. ಅವನು ಸೋತೇ ಇಲ್ಲ ಎಂಬುದು ಆಗ ಗೊತ್ತಾಗುತ್ತದೆ. ನೆಟ್ ಕೈ ಕೊಟ್ಟಿತು, ಪಕ್ಕದ ರಾಜ್ಯದವನು ಲಫಂಗ, ಸೇನಾಪತಿಗೆ ವಯಸ್ಸಾಗಿತ್ತು, ಅದೇ ವಾರ ಮನೆಯಲ್ಲಿ ಮದುವೆ ಇತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆಯನ್ನು ನನ್ನ ಗಂಡನ ಗೆಳೆಯರನ್ನು ನೋಡಿಯೇ ಕಟ್ಟಿರಬೇಕು. ಅಂಥ ಜಟ್ಟಿಗಳೆಲ್ಲ ಕಮಲಾಪುರದ ಒಂದು ಬಾಳೆ ತೋಟದಲ್ಲಿ ಸೇರಿದ್ದರು. ಅವರಿಗೆ ರೊಟ್ಟಿ ಬಡಿಸುವ ಭಾಗ್ಯ ನನ್ನದಾಗಿತ್ತು.

ಮೊದಲು ಆಟದ ವಿಷಯ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಆಡುವ ಯುದ್ಧದಾಟ. ಐದು ರಾಜ್ಯ, ಐದು ಜನ. ದಿನಕ್ಕೆ ಒಂದೇ ನಡೆ. ಯಾವ ಸೈನ್ಯ ಎಲ್ಲಿಗೆ ಹೋಗಬೇಕು, ಯಾವ ಕೋಟೆಗೆ ಎಷ್ಟು ಕಾಳು ಕಳಿಸಬೇಕು, ಯಾವ ಮಂತ್ರವಾದಿ ಯಾವ ಮಂತ್ರ ಕಲಿಯಬೇಕು, ಎಲ್ಲವನ್ನೂ ಮಧ್ಯಾಹ್ನ ಹನ್ನೆರಡರೊಳಗೆ ತುಂಬಿ ಕಳಿಸಬೇಕು. ಹೀಗೆ ಒಂದು ಆಟ ಮುಗಿಯಲು ಎರಡು ವರ್ಷ ಹಿಡಿಯುತ್ತದೆ. ಆಡುವವರೆಲ್ಲ ಮಕ್ಕಳಲ್ಲ, ನಲವತ್ತು ದಾಟಿದವರು. ಒಬ್ಬರು ಮೆಡಿಕಲ್ ಅಂಗಡಿಯವರು, ಒಬ್ಬರು ವಕೀಲರು, ಒಬ್ಬರು ವಿಮೆ ಏಜೆಂಟರು, ಒಬ್ಬರು ಉರ್ದು ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ತರರು. ಐದನೆಯವರು ನನ್ನ ಯಜಮಾನರು.

ಯಜಮಾನರು ಆರಿಸಿಕೊಂಡಿದ್ದು ಕಪ್ಪೆ ಜನರ ರಾಜ್ಯ. ಯಾಕೆಂದು ಕೇಳಿದರೆ, ಚಿತ್ರದಲ್ಲಿ ಕಿರೀಟ ಚೆನ್ನಾಗಿತ್ತಂತೆ. ಸೀರೆ ಅಂಗಡಿಯಲ್ಲಿ ನಾನು ಹತ್ತು ನಿಮಿಷ ಹೆಚ್ಚು ನಿಂತರೆ ನಿಟ್ಟುಸಿರು ಬಿಡುವ ಮನುಷ್ಯ ಕಿರೀಟ ನೋಡಿ ರಾಜ್ಯ ತಗೊಂಡರು. ಎರಡು ತಿಂಗಳಲ್ಲಿ ಆ ರಾಜ್ಯವನ್ನು ಉಪವಾಸಕ್ಕೂ ಕೆಡವಿದರು. ಅಷ್ಟರಲ್ಲಿ ಆಫೀಸಿನವರು ಅವರನ್ನು ಹದಿನೈದು ದಿನದ ತರಬೇತಿಗೆ ಕಳಿಸಿದರು. "ನೀ ಏನೂ ಮಾಡಬ್ಯಾಡ, ದಿನಾ ಆ ಬಟನ್ ಒಂದು ಒತ್ತಿಬಿಡು. ನಡಿ ತಪ್ಪಬಾರದು ಅಷ್ಟೇ," ಎಂದು ಪಾಸ್‌ವರ್ಡ್ ಬರೆದಿಟ್ಟು ಹೋದರು.

ನಾನು ಕೋಟನೂರ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಒಂದು ಕೆಲಸ ಕಣ್ಣೆದುರು ಕೆಟ್ಟು ಕೂತಿದ್ದರೆ ಬರೀ ಬಟನ್ ಒತ್ತಿ ಎದ್ದುಹೋಗುವ ಜಾಯಮಾನ ನನ್ನದಲ್ಲ. ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಬಾಡಿಗೆ ಮನೆಯ ಅಡುಗೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಕಡೆ ಹಾಲು ಕಾಯಿಸುತ್ತ ಇನ್ನೊಂದು ಕಡೆ ನೋಡಿದೆ. ಮೂರು ಸಾವಿರ ಕಪ್ಪೆಗಳು ನೀರಿಲ್ಲದ ಕಲ್ಲುಗುಡ್ಡದ ಮೇಲೆ ನಿಂತಿದ್ದವು. ಕಪ್ಪೆಯನ್ನು ಗುಡ್ಡ ಹತ್ತಿಸಿದ ಮಹಾರಾಜ! ಮೊದಲು ಅವನ್ನು ಜೌಗಿಗೆ ಇಳಿಸಿದೆ. ಆಮೇಲೆ ಕಾಳು ಹಂಚಿದೆ. ಹದಿನೈದು ದಿನಕ್ಕೆ ರಾಜ್ಯ ಉಸಿರಾಡತೊಡಗಿತು. ತರಬೇತಿಯಿಂದ ಬಂದ ಮಹಾರಾಜರು ನೋಡಿ, "ಪರವಾಗಿಲ್ಲಲ್ಲ," ಎಂದರು. ಮರುದಿನದಿಂದ ಆಟ ನನ್ನದಾಯಿತು, ಹೆಸರು ಅವರದೇ ಉಳಿಯಿತು.

ನನಗೊಂದು ಆಸೆ ಹುಟ್ಟಿದ್ದು ಆಗಲೇ. ಈ ಮಂದಿಯ ಒಂದು ಕಾನೂನಿದೆ. ಮೊದಲು ಸತ್ತ ರಾಜ ಮುಂದಿನ ಆಟಕ್ಕಿಲ್ಲ. ಖಾಲಿಯಾದ ಅವನ ಕುರ್ಚಿಗೆ ಯಾರು ಬರಬೇಕೆಂದು ಗೆದ್ದವನು ಹೇಳುತ್ತಾನೆ. ನನಗೆ ಆ ಕುರ್ಚಿ ಬೇಕಿತ್ತು, ನನ್ನ ಹೆಸರಿನಲ್ಲಿ ಬೇಕಿತ್ತು. ಕೇಳಿದಾಗ ಯಜಮಾನರು ಚಹಾ ಹೀರುತ್ತ, "ನೀ ಗೆಲ್ಲಿಸು. ನಿನ್ನ ಹೆಸರು ಹಾಕಿಸೋದು ನನ್ನ ಜಿಮ್ಮಾ," ಎಂದರು. ಅದನ್ನು ನಂಬಿ ನಾನು ಎರಡು ವರ್ಷ ಆಡಿದೆ.

ರಾಜರು ರಾಜರಿಗೆ ಪತ್ರ ಬರೆಯುವ ಅನುಕೂಲವೂ ಆಟದಲ್ಲಿದೆ. ವಕೀಲರ ಪತ್ರಗಳು ನೋಟೀಸಿನ ಹಾಗಿರುತ್ತಿದ್ದವು. ಮೆಡಿಕಲ್ ಅಂಗಡಿಯವರು ಎರಡು ಶಬ್ದ ಬರೆದರೆ ಒಂದು ಬೈಗುಳ. ಓದಬೇಕೆನಿಸುವಂತೆ ಬರೆಯುತ್ತಿದ್ದವರು ಮಾಸ್ತರರೊಬ್ಬರೇ. ಅವರದು ಬೆಟ್ಟದ ದೈತ್ಯರ ರಾಜ್ಯ. "ನನ್ನ ದೈತ್ಯರು ನಿನ್ನೆ ಎರಡೂರಿನ ಜೋಳ ತಿಂದು ತೇಗ್ಯಾರ. ಇವರಿಗಿಂತ ನಮ್ಮ ಅಳಿಯಂದಿರು ವಾಸಿ," ಎಂದು ಒಮ್ಮೆ ಬರೆದಿದ್ದರು. ಇನ್ನೊಮ್ಮೆ ನಾನು ಕಾಳಿನ ಲೆಕ್ಕ ತಪ್ಪಿದ್ದನ್ನು ಗಡಿಯಾಚೆಯಿಂದಲೇ ಗುರುತಿಸಿ, "ನಿಮ್ಮ ಲೆಕ್ಕ ತಪ್ಪಾಗ್ಯಾದ ಸಾಹೇಬ್ರ, ನಾಡಿದ್ದು ನಿಮ್ಮ ಸೈನ್ಯ ಉಪವಾಸ ಬೀಳ್ತದ, ಒಮ್ಮೆ ನೋಡ್ಕೊಳ್ರಿ," ಎಂದಿದ್ದರು. ನನ್ನ ಸೈನ್ಯ ಉಪವಾಸ ಬಿದ್ದಿದ್ದರೆ ಅವರಿಗೇ ಲಾಭವಿತ್ತು. ಅವರ ಜೊತೆ ಒಪ್ಪಂದ ಮಾಡಿಕೊಂಡೆ: ಗಡಿ ದಾಟುವುದಿಲ್ಲ, ದಾಟಬೇಕೆಂದರೆ ಮೂರು ದಿನ ಮೊದಲೇ ಹೇಳುವುದು. ಯಜಮಾನರ ಹೆಸರಿನಲ್ಲಿ ನಾನು ಬರೆಯುತ್ತಿದ್ದೆ, ಮಾಸ್ತರರಿಗೆ ನಾನಾರೆಂದು ತಿಳಿದಿರಲಿಲ್ಲ. ದಿನದಲ್ಲಿ ನನ್ನ ಜೊತೆ ಬುದ್ಧಿಯ ಮಾತಾಡುತ್ತಿದ್ದ ಮನುಷ್ಯ ಅವರೊಬ್ಬರೇ ಎಂದರೆ ಅತಿಶಯವಲ್ಲ.

ವಿಮೆ ಏಜೆಂಟರು ಮೂರೇ ತಿಂಗಳಲ್ಲಿ ಸತ್ತರು. ವಕೀಲರು ಆಮೇಲೆ. ಮೆಡಿಕಲ್ ಅಂಗಡಿಯವರನ್ನು ನಾನೂ ಮಾಸ್ತರರೂ ಸೇರಿ ಮುಗಿಸಿದೆವು. ಕೊನೆಗೆ ಕಪ್ಪೆಗಳು, ದೈತ್ಯರು ಇಷ್ಟೇ ಉಳಿದದ್ದು. ಆಗ ಮಾಸ್ತರರ ಒಂದು ಪತ್ರ ಬಂತು: "ಇವತ್ತ ನನ್ನ ಕಣ್ಣಿನ ಆಪರೇಷನ್, ಪೊರೆ ತೆಗೀತಾರ. ನಾಕು ದಿನ ಸ್ಕ್ರೀನ್ ನೋಡಬಾರದಂತ. ಗಡಿ ನಿಮ್ಮ ಮ್ಯಾಲ ಬಿಟ್ಟೀನಿ. ಬಂದ ಮ್ಯಾಲ ಜೋರ್ದಾರ್ ಲಡಾಯಿ ಮಾಡೋಣ."

ಪತ್ರ ಓದಿದೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ಬಂದು ಮತ್ತೊಮ್ಮೆ ಓದಿದೆ. ದೈತ್ಯರನ್ನು ಎದುರು ನಿಂತು ಗೆಲ್ಲುವುದು ನನ್ನ ಕಪ್ಪೆಗಳಿಂದ ಆಗದ ಮಾತೆಂದು ನನಗೆ ಗೊತ್ತಿತ್ತು. ಹನ್ನೆರಡಕ್ಕೆ ಇನ್ನೂ ಹೊತ್ತಿತ್ತು. ಇಡೀ ಸೈನ್ಯಕ್ಕೆ ಗಡಿ ದಾಟಲು ಅಪ್ಪಣೆ ಕೊಟ್ಟು ಶಾಲೆಗೆ ಹೋದೆ. ನಾಲ್ಕು ದಿನದಲ್ಲಿ ಮೂರು ಕೋಟೆ ಮತ್ತು ರಾಜಧಾನಿ ನನ್ನವಾದವು. ಐದನೆಯ ದಿನ ಅವರ ಕಡೆಯಿಂದ ಒಂದೇ ಸಾಲು ಬಂತು: "ಸಲಾಮ್. ಆಟ ಮುಗೀತು." ಆಟವೆಂದ ಮೇಲೆ ಇದೆಲ್ಲ ಇದ್ದದ್ದೇ ಎಂದುಕೊಂಡೆ. ಯಜಮಾನರಿಗೆ ಹೇಳಿದಾಗ, "ಗೆದ್ದಿವೇನು?" ಎಂದರು. ಹೇಗೆ ಎಂದು ಕೇಳಲಿಲ್ಲ.

ಆಟ ಮುಗಿದ ಮೇಲೆ ದರ್ಬಾರು ನಡೆಯುತ್ತದೆ. ಮೆಡಿಕಲ್ ಅಂಗಡಿಯವರ ಮಾವನ ತೋಟ ಕಮಲಾಪುರದಲ್ಲಿದೆ, ಕೆಂಪು ಬಾಳೆಯ ತೋಟ. ಎಲ್ಲರೂ ಅಲ್ಲಿ ಸೇರಿ ತಮ್ಮ ತಮ್ಮ ರಾಜ್ಯದ ಕಥೆ ಹೇಳಬೇಕು. ಮೊದಲು ಸತ್ತವನು ಮೊದಲು, ಗೆದ್ದವನು ಕೊನೆಗೆ. ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಗೆದ್ದವನ ಕಥೆ ಮುಗಿದ ಮೇಲೆ ಸೋತವರು ಅವನಿಗೆ ತಲಾ ಒಂದು ಪ್ರಶ್ನೆ ಕೇಳಬಹುದು, ಅದಕ್ಕೆ ಸುಳ್ಳು ಉತ್ತರ ಕೊಡುವಂತಿಲ್ಲ. ಆ ಭಾನುವಾರ ನಾನೂ ಹೋದೆ. ಮೂವತ್ತು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದೆ. ಹೆಸರು ಹಾಕಿಸುವ ದಿನ ಎದುರಿಗಿರಬೇಕು ಎಂಬ ಹಟವಿತ್ತು.

ವಿಮೆ ಏಜೆಂಟರು ಅರ್ಧ ಗಂಟೆ ಮಾತಾಡಿದರು. ಮೂರು ತಿಂಗಳು ಬದುಕಿದ್ದ ರಾಜ್ಯಕ್ಕೆ ಅರ್ಧ ಗಂಟೆಯ ಶೋಕ. ಅವರ ಕುದುರೆ ಸವಾರರು ಶೂರರೇ, ಆದರೆ ಭೂಪಟ ಸರಿ ಇರಲಿಲ್ಲವಂತೆ. ಕುಣಿಯಲಾರದವಳು ನೆಲ ಡೊಂಕು ಎಂದದ್ದು ಹೀಗೇ. ವಕೀಲರು ಎದ್ದು ನಿಂತು ಅಂಗಿ ಜಗ್ಗಿಕೊಂಡು ವಾದ ಶುರು ಮಾಡಿದರು. ಮಂತ್ರವಾದಿಗಳು ಸತ್ತವರ ಎಲುಬು ಎಬ್ಬಿಸಿ ಕಟ್ಟಿದ ತಮ್ಮ ಸೈನ್ಯ ಸೋಲಲಿಲ್ಲ, "ಯುದ್ಧದಿಂದ ಹಿಂದೆ ಸರೀತು" ಅಂತ. ಕೊನೆಯ ಎಲುಬೂ ಪುಡಿಯಾಗುವ ತನಕ ಹಿಂದೆ ಸರಿದಿದ್ದನ್ನು ನಾನೇ ನೋಡಿದ್ದೆ. ಮೆಡಿಕಲ್ ಅಂಗಡಿಯವರು ಎರಡು ರಾಜ್ಯ ಸೇರಿ ಒಬ್ಬನನ್ನು ಹೊಡೆಯುವುದು ಗಂಡಸುತನವಲ್ಲ ಎಂದು ಬಾಳೆಹಣ್ಣು ಸುಲಿಯುತ್ತ ತೀರ್ಪು ಕೊಟ್ಟರು.

ಮಾಸ್ತರರು ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದರು. ಬಂದವರೇ ನನ್ನನ್ನು ನೋಡಿ, "ಬೇಟಿ, ಇಷ್ಟೆಲ್ಲ ಯಾಕ ಮಾಡ್ಕೊಂಡು ಬಂದಿ, ತ್ರಾಸ ಆತು ನಿನಗ," ಎಂದಿದ್ದರು. ಅವರ ಸರದಿ ಬಂದಾಗ ಎರಡೇ ಮಾತು ಹೇಳಿದರು. "ಚಲೋ ಆಡೀನಿ. ನಂಬಿದ್ದೆ, ಸೋತೆ."

ಕೊನೆಗೆ ನಮ್ಮವರು ಎದ್ದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೈ ನನ್ನದು, ಬಾಯಿ ಅವರದು. ಎರಡು ವರ್ಷದ ಜೌಗು, ಬರ, ಮುತ್ತಿಗೆಗಳನ್ನೆಲ್ಲ ತಾವೇ ದಾಟಿದವರಂತೆ ಹೇಳಿದರು. ಕೋಟೆಗಳ ಹೆಸರು ಅದಲು ಬದಲು ಮಾಡಿದರು. ಕಡೆಯ ನಾಲ್ಕು ದಿನದ ದಾಳಿಗೆ ಬಂದಾಗ ಎದೆ ಉಬ್ಬಿಸಿ, "ಟೈಮಿಂಗ್ ಅಂದ್ರ ಇದು!" ಎಂದು ತೊಡೆ ತಟ್ಟಿದರು. ಆ ಪತ್ರದ ಸುದ್ದಿ ಅವರಿಗೆ ಗೊತ್ತೇ ಇರಲಿಲ್ಲ. ಆಮೇಲೆ ಖಾಲಿ ಕುರ್ಚಿಯ ಮಾತು ಬಂತು. ನಾನು ಪಾತ್ರೆ ಕೆಳಗಿಟ್ಟು ನಿಂತೆ. "ನಮ್ಮ ಆಫೀಸಿನ ಸಾಹೇಬ್ರ ತಮ್ಮ ಭಾಳ ದಿನದಿಂದ ಕೇಳಾಕತ್ತಾರ. ಅವರ್ನ ತಗೊಳ್ಳೋಣ," ಎಂದರು ಮಹಾರಾಜರು. ನನ್ನ ಕಡೆ ನೋಡಲೂ ಇಲ್ಲ. ಮರೆತಿರಲಿಲ್ಲ. ಮರೆತಿದ್ದರೆ ನೋಡುತ್ತಿದ್ದರು.

ಮೊದಲ ಪ್ರಶ್ನೆ ವಕೀಲರದು. "ಒಂದು ತಿಳೀಲಿಲ್ಲ ನೋಡ್ರಿ. ಮೊದಲನೇ ಚಳಿಗಾಲದಾಗ ಆ ಜೌಗಿನ ಕೋಟಿ ನನಗ ಯಾಕ ಪುಕ್ಕಟ ಬಿಟ್ಟುಕೊಟ್ರಿ? ಅಲ್ಲಿಂದನೇ ನನ್ನ ಸೈನ್ಯ ಕರಗ್ತಾ ಹೋತು."

"ಅದು... ಸ್ಟ್ರಾಟಜಿ," ಎಂದರು ಯಜಮಾನರು.

"ಏನ್ ಸ್ಟ್ರಾಟಜಿ?"

"ಮೊದಲು ಬಿಟ್ಟು ಆಮ್ಯಾಲ ಹಿಡಿಯೋದು. ಒಂದ್ ರೀತಿ ಹಿಂದ, ಒಂದ್ ರೀತಿ ಮುಂದ." ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ನೀರು ಕುಡಿದರು.

ನನಗೆ ತಡೆಯಲಾಗಲಿಲ್ಲ. "ಎಲುಬಿಗೆ ಜ್ವರ ಬರೂದಿಲ್ರಿ ವಕೀಲರ. ಆದ್ರ ಎಲುಬು ಕುಣಿಸೋ ಮಂತ್ರವಾದಿಗಳು ಜೀವ ಇದ್ದ ಮನಿಷ್ಯಾರು, ಜೌಗಿನಾಗ ಅವರಿಗೆ ಜ್ವರ ಬರ್ತದ. ಅವರು ಸತ್ರ ನಿಮ್ಮ ಎಲುಬು ತಾವೇ ಉದುರ್ತಾವ. ಅದಕ್ಕ ಕೋಟಿ ಬಿಟ್ಟೆ."

"ಬಿಟ್ಟೆ ಅಂದ್ರ?" ಎಂದರು ಮೆಡಿಕಲ್ ಅಂಗಡಿಯವರು. ಎರಡು ವರ್ಷ ಆಡಿದವಳು ನಾನೇ ಎಂದು ಹೇಳಿದೆ. ಯಜಮಾನರು ನಕ್ಕು, "ಟೈಪ್ ಮಾಡ್ತಿದ್ಳು ಇಕಿ," ಎಂದರು. ವಕೀಲರಿಗೆ ಕೂಡಲೇ ಕಾನೂನು ನೆನಪಾಯಿತು. "ವೈನಿ, ನೀವು ಶಾಣ್ಯಾರು ಇರಬಹುದು. ಆದ್ರ ಖಾತೆ ಇವರ ಹೆಸರಿಲೆ ಅದ. ಗೆಲುವೂ ಇವರದ, ಕುರ್ಚಿ ಕೊಡೋ ಹಕ್ಕೂ ಇವರದ." ಕಪ್ಪೆಯ ಕೈಯಲ್ಲಿ ಪೆಟ್ಟು ತಿಂದ ಮನುಷ್ಯ, ಹೆಂಗಸಿನ ಕೈಯಲ್ಲಿ ತಿಂದೆ ಎಂದು ಒಪ್ಪಿಕೊಳ್ಳಲಾರ.

ಮಾಸ್ತರರು ಮಾತ್ರ ಕನ್ನಡಕ ತೆಗೆದು ನನ್ನ ಕಡೆ ನೋಡುತ್ತಿದ್ದರು. "ಬೇಟಿ, ಆ ಪತ್ರಗಳೆಲ್ಲ ಬರೆದಾಕಿ ನೀನೇನು?"

"ಹೌದ್ರಿ ಸರ್."

ಅವರ ಮುಖ ಅರಳಿತು. "ಅಲ್ಲಾ! ನಾ ಅಂದ್ಕೊಳ್ತಿದ್ದೆ, ಇಷ್ಟು ಚಂದ ಬರೆಯಾಂವ ಎದುರಿಗೆ ಬಂದ್ರ ಯಾಕ ಹಿಂಗ ಮಾತಾಡ್ತಾನ ಅಂತ." ಎರಡು ವರ್ಷದಲ್ಲಿ ನನಗೆ ಸಿಕ್ಕ ಒಂದೇ ಹೊಗಳಿಕೆ ಅದು. ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವರಿಗೇನೋ ನೆನಪಾಯಿತು. ನಗು ನಿಂತಿತು.

"ನನ್ನ ಪ್ರಶ್ನೆ ಬಾಕಿ ಅದ," ಎಂದರು. "ಆ ಕಡೀ ನಾಕು ದಿನ ಆಡಿದವರು ಯಾರು?"

"ಅದು ಪಕ್ಕಾ ನಂದ ಮಾಸ್ಟರ್ ಸಾಬ್," ಎಂದು ಯಜಮಾನರು ಮುಂದೆ ಬಂದರು. "ಬಾಕಿ ಏನರ ಅನ್ಲಿ, ಆ ಟೈಮಿಂಗ್ ನಂದು."

ಅವರು ಏನನ್ನು ತಮ್ಮ ಮೇಲೆ ಎಳೆದುಕೊಳ್ಳುತ್ತಿದ್ದಾರೆ ಎಂದು ಅವರಿಗೇ ಗೊತ್ತಿರಲಿಲ್ಲ. ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. ಪತ್ರಗಳೆಲ್ಲ ನನ್ನವಾಗಿ, ದ್ರೋಹ ಅವರದಾಗಿ ಉಳಿಯುತ್ತಿತ್ತು. ಮಾಸ್ತರರಿಗೆ ನಾನು ಬೇಟಿಯಾಗಿಯೇ ಇರುತ್ತಿದ್ದೆ. ಆದರೆ ಆ ನಾಲ್ಕು ದಿನವನ್ನು ಬಿಟ್ಟುಕೊಟ್ಟರೆ ಗೆಲುವನ್ನೇ ಬಿಟ್ಟುಕೊಟ್ಟ ಹಾಗೆ. ಈ ಮನುಷ್ಯನಿಗೆ ಇನ್ನು ಒಂದು ಕಪ್ಪೆಯನ್ನೂ ಕೊಡುವ ಮನಸ್ಸು ನನಗಿರಲಿಲ್ಲ.

"ಇಲ್ರಿ ಸರ್," ಎಂದೆ. "ಅದೂ ನಂದೇ."

"ಆಪರೇಷನ್ ಪತ್ರ ಓದಿದ್ರಿ?"

"ಎರಡು ಸಲ ಓದಿದ್ದೆ."

ಅವರು ಕನ್ನಡಕ ಹಾಕಿಕೊಂಡರು. ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಅವರನ್ನು ಬಿಟ್ಟು ಉಳಿದ ನಾಲ್ವರನ್ನು ಎರಡು ವರ್ಷ ಮನಸ್ಸಿನಲ್ಲೇ ಉಗಿದಿದ್ದೆ. ಆ ನಾಲ್ವರೂ ಮಾಡದ ಕೆಲಸವನ್ನು ನಾನು ಮಾಡಿದ್ದೆ. ಅವರಿಗೆ ಅಷ್ಟು ಬುದ್ಧಿ ಇರಲಿಲ್ಲ ಎಂಬುದು ನನಗೆ ಸಮಾಧಾನದ ಮಾತಾಗಲಿಲ್ಲ.

"ವಕೀಲ್ ಸಾಬ್, ಬರ್ಕೊಳ್ರಿ," ಎಂದು ಮಾಸ್ತರರು ಎದ್ದರು. "ಗೆದ್ದವ್ರು ಆಟದ ಹೊರಗ ನಿಂದರಬಾರದು. ನಾ ಇನ್ನ ಆಡೂದಿಲ್ಲ. ನನ್ನ ಕುರ್ಚಿ ಮೇಡಂ ಅವರಿಗೆ ಕೊಡ್ರಿ."

ವಕೀಲರು ತಮ್ಮ ವಹಿಯಲ್ಲಿ ಮಾಸ್ತರರ ಹೆಸರು ಹೊಡೆದು ಹಾಕಿ, ಅದರ ಮುಂದೆ ನನ್ನ ಹೆಸರು ಬರೆದರು. ಮಾಸ್ತರರು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟರು. ಊಟ ಮಾಡಿ ಹೋಗಿ ಸರ್ ಎನ್ನಲು ನನಗೆ ಬಾಯಿ ಬರಲಿಲ್ಲ. ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಆದರೂ ಬೇಡ ಸರ್, ನಿಮ್ಮ ಕುರ್ಚಿ ನಿಮಗೇ ಇರಲಿ ಎಂದು ನಾನು ಹೇಳಲಿಲ್ಲ.