ಸೀಳಿದ ತೊಟ್ಟಿಲು ಕೂಡಿಸಿದ್ದು

ನಮ್ಮ ಸಾಗವಾನಿ ತೊಟ್ಟಿಲು ಅಂಬೇವಾಡಿಯ ಓಣಿಯಲ್ಲಿ ಮನೆ ಮನೆ ತಿರುಗಿದ್ದು. ಯಾರಿಗೆ ಹೆರಿಗೆಯಾದರೂ ಒಯ್ಯುತ್ತಿದ್ದರು, ಹೆಸರಿಡುವ ದಿನ ಎಣ್ಣೆ ಅರಿಶಿನ ಹಚ್ಚಿ ಪೂಜೆ ಮಾಡಿ ಕೂಸನ್ನು ಮಲಗಿಸುತ್ತಿದ್ದರು. ಈ ಸಲ ನನ್ನ ಮಗಳದೇ ಬಾಣಂತನ. ಅಟ್ಟದಿಂದ ಇಳಿಸಿ ನೋಡಿದರೆ, ಸರಪಳಿಯ ಕೊಂಡಿ ಇರುವ ಮೇಲಿನ ಪಟ್ಟಿಯೇ ಉದ್ದಕ್ಕೆ ಸೀಳಿತ್ತು. ಇಡೀ ಭಾರ ನಿಲ್ಲುವುದು ಅದರ ಮೇಲೆ.

"ಅವ್ವಾ, ಸೀಳಿದ್ದರಾಗ ನನ್ನ ಕೂಸಿನ್ನ ಹಾಕೂದಿಲ್ಲ ನಾ," ಅಂದಳು ಮಗಳು.

"ಹಳಿಯಾಳದಾಗ ಸ್ಟೀಲಿಂದು ಸಿಗ್ತೈತಿ, ತರೂಣು," ಅಂದರು ನಮ್ಮವರು.

ನನ್ನ ಮೈ ಉರಿಯಿತು. ಇದೇ ತೊಟ್ಟಿಲಲ್ಲಿ ಮಲಗಿ ಮಗಳು ಅತ್ತು ಅತ್ತು ಓಣಿಯ ನಿದ್ದೆ ಕೆಡಿಸಿದವಳು. ಅವಳ ಕೂಸೂ ಇದರಲ್ಲೇ ಮಲಗಬೇಕು ಎಂದು ಹಟ ಹಿಡಿದೆ. ಬಿರುಕಿಗೆ ಕಟ್ಟಿಗೆಯ ಅಂಟು ತುಂಬಿ, ಹಗ್ಗ ಬಿಗಿದು ಇಟ್ಟೆ. ಮರುದಿನ ಹಗ್ಗ ಬಿಚ್ಚಿದ್ದೇ ತಡ, ಪಟ್ಟಿ ಮತ್ತೆ ಬಾಯಿ ಬಿಟ್ಟಿತು.

"ಸ್ಟೀಲಿಂದಕ್ಕ ಅಂಟು ಬೇಕಾಗೂದಿಲ್ಲ ನೋಡು," ಅಂದರು ಇವರು, ಪೇಪರಿನಿಂದ ತಲೆ ಎತ್ತದೆ.

ಸಿಟ್ಟಿನಲ್ಲಿ ಬಿರುಕನ್ನು ಉಗುರಿನಿಂದ ಕೆರೆದೆ. ಉಗುರು ಹಳದಿಯಾಯಿತು, ಜಿಡ್ಡು ಜಿಡ್ಡು. ಆಗ ತಿಳಿಯಿತು. ಓಣಿಯ ಅಷ್ಟೂ ಕೂಸುಗಳ ಪೂಜೆಯ ಎಣ್ಣೆ ಒಳಗೆ ಇಳಿದು ಕುಳಿತಿದೆ, ಅಂಟು ಹಿಡಿಯುವುದಾದರೂ ಹೇಗೆ? ಗರಗಸದ ತುಂಡು ಬ್ಲೇಡಿನಿಂದ ಬಿರುಕನ್ನೆಲ್ಲ ಕೆರೆದು, ಬಣ್ಣದ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿದೆ, ಬಟ್ಟೆ ಬೆಳ್ಳಗೆ ಬರುವ ತನಕ. ಒಣಗಿದ ಮೇಲೆ ಅಂಟು ತುಂಬಿದೆ. ಈ ಸಲ ಸಡಿಲಾಗುವ ಹಗ್ಗ ಬೇಡವೆಂದು ಇವರ ಸೈಕಲ್ಲಿನ ಹಳೆಯ ಟ್ಯೂಬ್ ಕತ್ತರಿಸಿ, ಜಗ್ಗಿ ಜಗ್ಗಿ ಸುತ್ತಿದೆ.

ಟ್ಯೂಬ್ ಬಿಚ್ಚಿದಾಗ ಬಿರುಕು ಇದ್ದ ಜಾಗ ಕೂದಲೆಳೆಯಷ್ಟೇ ಕಾಣುತ್ತಿತ್ತು. ತುಂಬಿದ ಅಕ್ಕಿ ಚೀಲ ಹಾಕಿ ತೂಗಿದೆ. ಸರಪಳಿ ಕಿರುಗುಟ್ಟಿತು, ಪಟ್ಟಿ ಅಲುಗಲಿಲ್ಲ. ಇವರು ಪೇಪರ್ ಮಡಚಿಟ್ಟು ಬಂದು, ತಾವೂ ಎರಡು ಸಲ ತೂಗಿ ನೋಡಿದರು. ನನಗೆ ಕುಣಿಯಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಹೆಸರಿಡುವ ದಿನ ಎಣ್ಣೆ ಬಟ್ಟಲು ಹಿಡಿದು ಬಂದ ಹೆಣ್ಣುಮಕ್ಕಳಿಗೆ, "ಎಣ್ಣಿ ಬ್ಯಾಡ್ರಿ, ಬರೇ ಕುಂಕುಮ ಹಚ್ಚರಿ," ಅಂದೆ. ಕೂಸನ್ನು ಮಲಗಿಸಿ ಜೋಗುಳ ಹಾಡಿದರು. ಹಾಡು ಮುಗಿಯುವ ತನಕ ಮಗಳ ಕೈ ತೊಟ್ಟಿಲ ಕೆಳಗೇ ಇತ್ತು, ಬಿದ್ದರೆ ಹಿಡಿಯಲೆಂದು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಕೂಸು ಬಾಯಿ ತೆರೆದು ನಿದ್ದೆ ಹೋಯಿತು. ಮಗಳು ಕೈ ತೆಗೆದಳು, ತೊಟ್ಟಿಲನ್ನು ಒಮ್ಮೆ ತೂಗಿದಳು. "ಅವ್ವಾ, ಹಸಿವ್ಯಾಗೇತಿ, ಊಟಕ್ಕ ಬಡಸು," ಎಂದು ಹಿಂದಿರುಗಿ ನೋಡದೆ ಒಳಗೆ ನಡೆದಳು.